ಕೇಳಿ ಮುಗಿಯದ ಪೆಟ್ಟಿಗೆ

ಮೇಡಂ ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಿ ಮತ್ತೊಮ್ಮೆ ಗುಂಡಿ ಒತ್ತಿದರು. ಡಾಕ್ಟರ ದನಿ ಗಂಟಲು ಸರಿಮಾಡಿಕೊಂಡು ಮತ್ತೆ ಅದನ್ನೇ ಹೇಳಿತು: "ರೋಗಿ ನಂಬರ್ ನಲವತ್ತೆರಡು. ಹೆಂಗಸು. ಮೊದಲನೇ ಭೇಟಿ."

ಅವರು ಹೆಡ್‌ಫೋನು ಕಿತ್ತು ಮೇಜಿನ ಮೇಲಿಟ್ಟರು. ಈ ಕ್ಯಾಸೆಟ್ಟು ಸಿಕ್ಕಿದ್ದು ಬೇರೆ ನಂಬರಿನ ಡಬ್ಬಿಯಲ್ಲಿ. ನಲವತ್ತೆರಡು ಎಂದು ಬರೆದಿದ್ದ ಡಬ್ಬಿಯ ಕ್ಯಾಸೆಟ್ಟನ್ನು ಅವರು ಮೊನ್ನೆಯಷ್ಟೇ ಒಬ್ಬ ಮಗನಿಗೆ, ಇದು ನಿಮ್ಮ ತಾಯಿಯ ದನಿ ಎಂದು ಕೇಳಿಸಿ ಕಳಿಸಿದ್ದರು.

ಪತ್ರಾಗಾರದಲ್ಲಿ ಪಟ್ಟಿಯಾಗದ ಸರಕೆಲ್ಲ ಮೇಡಂ ಸುಪರ್ದಿಗೆ. ಯಾರೋ ಸತ್ತ ಮೇಲೆ ಮನೆಯವರು ತಂದು ಸುರಿದು ಹೋಗುವ ಪೆಟ್ಟಿಗೆಗಳವು. ಒಳಗೆ ಏನಿದೆ, ಯಾರ ಮಾನವಿದೆ ಎಂದು ಒಬ್ಬರಿಗೂ ಗೊತ್ತಿರುವುದಿಲ್ಲ. ಇಡೀ ಪೆಟ್ಟಿಗೆಯನ್ನು ನೋಡಿ, ಕೇಳಿ ಮುಗಿಸುವವರೆಗೆ ಅದರಲ್ಲಿನ ಒಂದು ಚೂರನ್ನೂ ಹೊರಗಿನವರ ಕೈಗೆ ಕೊಡಬಾರದು ಎಂಬ ನಿಯಮ ಬರೆದವರೂ ಮೇಡಮ್ಮೇ. ಸಂಶೋಧಕರು ಇವರ ಬಾಗಿಲಲ್ಲಿ ಕಾದು ಕಾದು, ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಗೊಣಗಿಕೊಂಡು ಹೋಗುತ್ತಿದ್ದರು. ಕಚೇರಿಯವರು ಇಟ್ಟ ಹೆಸರು ಬೀಗಮ್ಮ. ಆ ಹೆಸರಿನ ಬಗ್ಗೆ ಅವರಿಗೆ ಒಳಗೊಳಗೇ ಹೆಮ್ಮೆಯಿತ್ತು ಎನ್ನುವುದು ಬೇರೆ ಮಾತು.

ಅಂಥ ಬೀಗಮ್ಮನನ್ನು ಕರಗಿಸಿದವನು ಒಬ್ಬ ಟೈಲರು. ಅವನಿನ್ನೂ ತೊಟ್ಟಿಲಲ್ಲಿದ್ದಾಗ ತಾಯಿಯನ್ನು ಮಾನಸಿಕ ಆಸ್ಪತ್ರೆಗೆ ಸೇರಿಸಿದ್ದರು. ಆಕೆ ಅಲ್ಲೇ ತೀರಿಕೊಂಡಳು. ಆಸ್ಪತ್ರೆಯೂ ಮುಚ್ಚಿಹೋಯಿತು. ಅಲ್ಲಿನ ಡಾಕ್ಟರು ರೋಗಿಗಳ ಮಾತನ್ನು ಮುದ್ರಿಸಿಕೊಂಡಿದ್ದ ಕ್ಯಾಸೆಟ್ಟುಗಳು ಪತ್ರಾಗಾರಕ್ಕೆ ಬಂದಿವೆ ಎಂದು ಹೇಗೋ ತಿಳಿದು, ತಾಯಿಯ ನಂಬರು ಹೇಳಿಕೊಂಡು ಬಂದಿದ್ದ. ಇನ್ನೂ ಆಗಿಲ್ಲ ಎಂದರೆ ಜಗಳವಿಲ್ಲ, ತಕರಾರಿಲ್ಲ. ಮುಂದಿನ ವಾರ ಮತ್ತೆ ಬಂದು ಬೆಂಚಿನ ಮೇಲೆ ಕೂರುತ್ತಿದ್ದ.

"ಒಂದು ಫೋಟೋನೂ ಇಲ್ಲ ಮೇಡಂ. ಅಮ್ಮ ಹೇಗೆ ಮಾತಾಡ್ತಿದ್ರು ಅಂತ ಒಂದ್ಸಲ ಕೇಳಿಸಿಬಿಡಿ, ಸಾಕು."

ಅರ್ಧ ಪೆಟ್ಟಿಗೆ ಬಾಕಿಯಿದ್ದಾಗಲೇ ಮೇಡಂ ಡಬ್ಬಿಯ ನಂಬರು ನಂಬಿ ಕ್ಯಾಸೆಟ್ಟು ಹಾಕಿಬಿಟ್ಟರು. ಡಾಕ್ಟರು ನಂಬರು ಹೇಳುವ ಮೊದಲ ಭಾಗ ಸವೆದು ಬರೀ ಕೊರಕೊರ ಎನ್ನುತ್ತಿತ್ತು. ಆಮೇಲೆ ಹೆಂಗಸಿನ ದನಿ ಬಂತು: "ನನ್ನ ಮಗ ನನ್ನ ಕಿವಿ ಹಿಡ್ಕೊಂಡೇ ಮಲಗೋದು ಡಾಕ್ಟ್ರೇ. ಈಗ ಯಾರ ಕಿವಿ ಹಿಡ್ಕೊಂಡಿದಾನೋ." ಗಂಡ ಹೇಗೆ ಬಾಗಿಲು ಹಾಕಿಕೊಂಡು ಹೊಡೆಯುತ್ತಿದ್ದ ಎಂಬುದನ್ನೂ ಆ ದನಿ ಹೇಳಿತು. ಟೈಲರು ಬಿಕ್ಕಿ ಬಿಕ್ಕಿ ಅತ್ತ. "ನಾನು ಈಗಲೂ ನನ್ನ ಕಿವಿ ನಾನೇ ಹಿಡ್ಕೊಂಡು ಮಲಗೋದು ಮೇಡಂ. ನಮ್ಮನೆಯವಳು ನಗ್ತಾಳೆ," ಎಂದ. ಸೋಮವಾರ ಅವಳನ್ನೂ ಕರೆತರುತ್ತೇನೆ ಎಂದು ಹೇಳಿ ಹೋದ.

ಮೇಡಂ ನಿಜವಾದ ನಲವತ್ತೆರಡನ್ನು ಕೊನೆಯವರೆಗೂ ಕೇಳಿದರು. ಡಾಕ್ಟರು ಪ್ರಶ್ನೆ ಕೇಳುತ್ತಾರೆ, ಉತ್ತರವಿಲ್ಲ. ಕುರ್ಚಿ ಕಿರ್ರೆನ್ನುತ್ತದೆ. ಒಂದು ಸಣ್ಣ ಕೆಮ್ಮು. ಉಸಿರು. ಆ ತಾಯಿ ಒಂದು ಮಾತನ್ನೂ ಆಡಿರಲಿಲ್ಲ.

ಪತ್ರಾಗಾರದ ಮೇಲಧಿಕಾರಿ ಸಾಹೇಬರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದರು. ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು.

"ಕೆರೆದು ಹುಣ್ಣು ಮಾಡ್ಕೋಬೇಡಿ. ಅವನಿಗೊಬ್ಬ ಅಮ್ಮ ಸಿಕ್ಕಿದಾಳೆ, ನೆಮ್ಮದಿಯಾಗಿದಾನೆ. ಈಗ ಕರೆದು ಅವಳಲ್ಲ, ನಿಮ್ಮಮ್ಮ ಮಾತೇ ಆಡಲ್ಲ ಅಂತೀರಾ?"

"ಆ ಇನ್ನೊಬ್ಬ ಹೆಂಗಸಿನ ಮನೆ ಗುಟ್ಟನ್ನ ಯಾರಿಗೋ ಕೇಳಿಸಿಬಿಟ್ಟೆ ಸಾರ್. ಅವಳಿಗೂ ಒಬ್ಬ ಮಗ ಇದಾನಲ್ಲ."

"ಆ ಮಗ ಬಂದು ಕೇಳಿದ್ನಾ?"

"ಇಲ್ಲ."

"ಮತ್ತೆ! ಸುಮ್ನಿದ್ರೆ ಎಲ್ಲರಿಗೂ ಕ್ಷೇಮ. ಇಲ್ಲ ಅಂದ್ರೆ ನಾನೇ ನಿಮಗೆ ನೋಟೀಸು ಕೊಡಬೇಕಾಗುತ್ತೆ."

ಸಾಹೇಬರ ಮಾತಿಗೆ ತಲೆ ಹೂಂ ಎಂದಿತು, ಮನಸ್ಸು ಒಪ್ಪಲಿಲ್ಲ. ರಜೆಯ ದಿನ ಮನೆಯಲ್ಲಿ ಒಗೆದ ಬಟ್ಟೆಯನ್ನೇ ಮತ್ತೆ ನೆನೆಸಿದರು. ಮಡಿಸಿಟ್ಟ ಹೊದಿಕೆಗಳನ್ನು ಕೊಡವಿ ಮತ್ತೆ ಮಡಿಸಿದರು. "ಏನಮ್ಮಾ ಇದು, ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡ್ತೀಯಾ!" ಎಂದು ಅತ್ತೆ ರೇಗಿದರು. "ನೀನು ಕೂರದಿದ್ರೆ ಬೇಡ, ನನ್ನನ್ನಾದ್ರೂ ಕೂರೋಕೆ ಬಿಡು." ಬೇರೆ ದಿನವಾಗಿದ್ದರೆ ಮೇಡಂ ನಗುತ್ತಿದ್ದರು. ಅಂದು ಬಾಗಿಲು ಎಳೆದುಕೊಂಡು ಕಚೇರಿಗೇ ಹೋಗಿ, ಪೆಟ್ಟಿಗೆಯಲ್ಲಿ ಉಳಿದಿದ್ದ ಕ್ಯಾಸೆಟ್ಟುಗಳನ್ನೆಲ್ಲ ಕೇಳಿ ಮುಗಿಸಿದರು. ನಲವತ್ತೆರಡರ ಇನ್ನೊಂದು ಕ್ಯಾಸೆಟ್ಟು ಎಲ್ಲೂ ಸಿಗಲಿಲ್ಲ. ಸುಮ್ಮನಿದ್ದುಬಿಡೋಣ ಎಂದೂ ಒಂದು ಗಳಿಗೆ ತೀರ್ಮಾನಿಸಿದರು.

ಸೋಮವಾರ ಟೈಲರು ಹೊಸ ಅಂಗಿ ತೊಟ್ಟು ಹೆಂಡತಿಯ ಜೊತೆ ಬಂದ. ಕುರ್ಚಿ ಎಳೆದುಕೊಳ್ಳುತ್ತಲೇ, "ಅಪ್ಪನ ಫೋಟೋ ಗೋಡೆಯಿಂದ ಕಿತ್ತು ಮಂಚದ ಕೆಳಗೆ ತಳ್ಳಿದೆ ಮೇಡಂ," ಎಂದ. "ಅಮ್ಮನ್ನ ಆ ಪಾಟಿ ಹೊಡೆದೋನು, ನನ್ನ ಮುಂದೆ ಎಷ್ಟು ಸಾಧು ಥರ ಇದ್ದ ನೋಡಿ."

"ಮಾವ ಅಂಥೋರಲ್ಲ ಅಂತ ಬಡ್ಕೊಂಡೆ, ಕೇಳಲಿಲ್ಲ ಇವ್ರು," ಎಂದು ಹೆಂಡತಿ ಕಣ್ಣು ಒರೆಸಿಕೊಂಡಳು.

ಸಾಹೇಬರ ಕ್ಷೇಮದ ಲೆಕ್ಕ ಅಲ್ಲಿಗೆ ಮುಗಿಯಿತು. ಮೇಡಂ ನಿಂತುಕೊಂಡೇ ಹೇಳಿದರು. "ನಿಮ್ಮ ಅಪ್ಪನ ಫೋಟೋ ಮತ್ತೆ ಹಾಕಿ. ಹೊಡೆದದ್ದು ಅವರಲ್ಲ. ಆವತ್ತು ನೀವು ಕೇಳಿದ್ದು ನಿಮ್ಮ ತಾಯಿ ದನಿ ಅಲ್ಲ. ಡಬ್ಬಿಗಳು ಅದಲುಬದಲಾಗಿದ್ವು, ನಾನು ನೋಡದೆ ಕೇಳಿಸಿದೆ. ತಪ್ಪು ನಂದೇ."

ಟೈಲರು ತನ್ನ ಕಿವಿ ಮುಟ್ಟಿಕೊಂಡ.

"ಕಿವಿ ಹಿಡ್ಕೊಂಡು ಮಲಗ್ತಿದ್ದದ್ದು?"

"ಅದು ಬೇರೆ ಮಗು."

"ಕೊಟ್ಟಿದ್ದನ್ನ ಕಿತ್ಕೋತೀರಾ ಮೇಡಂ?" ಅವನ ದನಿ ಏರಿತು. ಪಕ್ಕದ ಕೋಣೆಯಲ್ಲಿ ಓದುತ್ತಿದ್ದವರು ತಲೆಯೆತ್ತಿದರು. "ಇಲ್ಲ ಅಂದಿದ್ರೆ ಇಲ್ಲ ಅಂತ ಇರ್ತಿದ್ದೆ. ನೀವು ನಿಯಮ ಅಂತ ಕಾಯಿಸ್ತಿದ್ರಲ್ಲ, ಅದೇ ಚೆನ್ನಾಗಿತ್ತು!" ಹೆಂಡತಿ ತೋಳು ಹಿಡಿದಳು. ಕೊಡವಿಕೊಂಡು ಎದ್ದು ಬಾಗಿಲವರೆಗೆ ಹೋದ.

ಬಾಗಿಲಲ್ಲಿ ಅವನೇ ತಿರುಗಿ ಕೇಳಿದ. "ನಮ್ಮಮ್ಮಂದು ಎಲ್ಲಿದೆ?"

"ಸಿಕ್ಕಿದೆ. ಆದ್ರೆ ಅದರಲ್ಲಿ ಅವರು ಏನೂ ಮಾತಾಡಿಲ್ಲ. ಡಾಕ್ಟರ ಪ್ರಶ್ನೆಗಳು ಮಾತ್ರ."

"ಅಮ್ಮ ಇದಾರೆ ತಾನೇ?"

"ಇದಾರೆ. ಉಸಿರು ಕೇಳುತ್ತೆ."

ಅವನು ಬಂದು ಕೂತು ಹೆಡ್‌ಫೋನಿಗೆ ಕೈಚಾಚಿದ. ಮೇಡಂ ಇನ್ನೊಂದನ್ನು ತಾವು ಹಾಕಿಕೊಂಡರು. ಡಾಕ್ಟರು ನಂಬರು ಹೇಳಿದರು, ಹೆಸರು ಕೇಳಿದರು, ಊರು ಕೇಳಿದರು. ಕುರ್ಚಿ ಕಿರ್ರೆಂದಿತು. ಟೈಲರು ದನಿ ಹೆಚ್ಚಿಸುವ ತಿರುಪನ್ನು ತುದಿಯವರೆಗೆ ತಿರುಗಿಸಿ ಕಣ್ಣು ಮುಚ್ಚಿಕೊಂಡ. ಕೆಮ್ಮು ಬಂದಾಗ ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡ.

"ಮಕ್ಕಳಿದಾರಾ?" ಡಾಕ್ಟರು ಕೇಳಿದರು. ಉಸಿರು. "ಒಂದು ಕೂಸಿದೆಯಂತೆ, ಹೌದಾ?" ಉಸಿರು. "ಗಂಡೋ, ಹೆಣ್ಣೋ? ಹೇಳಮ್ಮ."

"ಗಂಡು ಸಾರ್," ಎಂದ ಟೈಲರು.