ತಳಕ್ಕಿಳಿದ ಕುರ್ಚಿ

ಏಳಲಾರದವನು ಕುರ್ಚಿ ಡೊಂಕು ಅಂದನಂತೆ. ಗಾದೆ ಸುಳ್ಳಾದರೂ ಆದೀತು, ಈ ಕತೆ ಮಾತ್ರ ನಿಜ.

"ಭಾವ, ಇವತ್ತು ಗಿರಾಕಿ ನೀವೇ," ಎನ್ನುತ್ತ ಭಾವಮೈದುನ ಅವನನ್ನು ಕ್ಷೌರದ ಕುರ್ಚಿಯಲ್ಲಿ ಕೂರಿಸಿ ಕೊರಳಿಗೆ ಬಿಳಿ ಬಟ್ಟೆ ಕಟ್ಟಿದ.

ಅಂಗಡಿ ಭಾವನದೇ; ಭಾವಮೈದುನ ಅಲ್ಲೇ ಕೆಲಸಕ್ಕಿದ್ದ. ಬೀದಿಯವರ ಬಾಯಲ್ಲಿ ಭಾವ ‘ನಕಲಿ’. ಗಿರಾಕಿ ಹೊಸ್ತಿಲು ದಾಟುವುದರೊಳಗೆ ಅವರ ನಡಿಗೆ, ಕೆಮ್ಮು, ಗೊಣಗಾಟವನ್ನೆಲ್ಲ ಕನ್ನಡಿಯೆದುರು ಮಾಡಿ ತೋರಿಸುವವನು. ಮೊದಮೊದಲು ಅವನ ಕಣ್ಣರೆಪ್ಪೆಗಳು ನೇರಳೆ ಬಣ್ಣಕ್ಕೆ ತಿರುಗಿದಾಗ "ಅಕ್ಕ ಗುದ್ದಿದ್ಳಾ?" ಎಂದು ಭಾವಮೈದುನ ನಕ್ಕಿದ್ದ. ಬೆರಳ ಗೆಣ್ಣುಗಳ ಮೇಲೆ ಕೆಂಪು ದದ್ದು ಎದ್ದಾಗ ಇಬ್ಬರೂ ಗಿರಾಕಿಗಳ ತಲೆಗೆ ಹಚ್ಚುವ ಬಣ್ಣವನ್ನು ಬೈದಿದ್ದರು. ತೋಳು ಭುಜದಿಂದ ಮೇಲೇರದಾದಾಗ ಅವನು ಕುರ್ಚಿಯನ್ನೇ ತಳಕ್ಕಿಳಿಸಿ ಕತ್ತರಿ ಆಡಿಸತೊಡಗಿದ. ಯಾರಾದರೂ ಕೇಳಿದರೆ, "ತಲೆ ಕೊಡೋಕೆ ಬಂದೋರು ತಗ್ಗಿ ಬಗ್ಗಿ ಇರ್ಬೇಕು ಸ್ವಾಮಿ!"

ಮೈ ತನ್ನದೇ ಸ್ನಾಯು, ಚರ್ಮಗಳ ಮೇಲೆ ಹಗೆ ಸಾಧಿಸುವ ಕಾಯಿಲೆ ಎಂದರು ಡಾಕ್ಟರು. ಮಾತ್ರೆಗೆ ಮುಖ ಊದಿತು, ತೋಳು ಏಳಲಿಲ್ಲ. ಈಚೆಗೆ ತೊಡೆಗಳೂ ಸೋತು, ಮನೆಯಲ್ಲಿ ಹೆಂಡತಿಯೇ ಎಬ್ಬಿಸಬೇಕು. ಅಂಗಡಿಯಲ್ಲಿ ಯಾರಿಗೂ, ಭಾವಮೈದುನನಿಗೂ, ಅದು ಗೊತ್ತಿಲ್ಲ. ಆಮೇಲೆ ಕಂಕುಳಲ್ಲಿ ಗಡ್ಡೆ. ನಿನ್ನೆ ಹೆಸರೂ ಸಿಕ್ಕಿತು: ಲಿಂಫೋಮಾ ಅನ್ನುವ ಕ್ಯಾನ್ಸರ್, ಅದರಲ್ಲೂ ತೀರಾ ಅಪರೂಪದ್ದು.

"ಸದ್ಯ, ಯಾರೂ ನಕಲು ಮಾಡೋ ಹಾಗಿಲ್ಲ," ಎಂದಿದ್ದ ಅವನು. ಡಾಕ್ಟರು ನಗಲಿಲ್ಲ. "ಔಷಧಿ ಕೊಡೋಣ. ವಾಸಿಯಾಗತ್ತೆ ಅಂತ ಮಾತ್ರ ಹೇಳಲಾರೆ."

ಅದನ್ನು ಭಾವಮೈದುನನಿಗೆ ಹೇಳಿ ಕತ್ತರಿ ಒಪ್ಪಿಸಿಬಿಡಬೇಕೆಂದೇ ಇವತ್ತು ಬಂದದ್ದು. ಬಾಯಿ ತೆರೆಯುವಷ್ಟರಲ್ಲಿ ಭಾವಮೈದುನ ಕುರ್ಚಿಯ ಪೆಡಲ್ ಒತ್ತಿದ. ಕುರ್ಚಿ ಉಸ್ಸೆಂದು ತಳಕ್ಕೆ ಕುಸಿಯಿತು.

"ಎಲ್ಲರನ್ನೂ ಇಳಿಸಿದ್ರಲ್ಲ, ಈಗ ಏಳಿ ನೋಡೋಣ! ಡ್ರಾಯಿಂಗ್ ಮೇಷ್ಟ್ರು ಏಳೋ ಹಾಗೆ!"

ಬೆಂಚಿನ ಮೇಲೆ ಸರದಿ ಕಾಯುತ್ತಿದ್ದವರ ನಡುವಿಂದ ದಢೂತಿ ಮೇಷ್ಟ್ರು ಮುಂದಕ್ಕೆ ಬಾಗಿದರು. ಅವರು ಏಳುವುದನ್ನು ಮಾಡಿ ತೋರಿಸುವುದೇ ನಕಲಿಯ ಹೆಸರುವಾಸಿ ಆಟ.

ಅವನು ಕುರ್ಚಿಯ ತೋಳಿಗೆ ಕೈ ಊರಿದ. ತೊಡೆ ನಡುಗಿತು. ತುಸುವೇ ಎದ್ದು ದೊಪ್ಪನೆ ಕೂತ.

"ಅಯ್ಯೋ, ಥೇಟ್ ನಾನೇ ಕಣ್ರೋ!" ಮೇಷ್ಟ್ರು ತೊಡೆ ತಟ್ಟಿದರು. "ಆ ನಡುಕ ನೋಡು! ಎಲ್ಲಿ ಕಲಿತ್ಯೋ ಕಳ್ಳ?"

ಮತ್ತೆ ಊರಿದ, ಮತ್ತೆ ಕುಸಿದ. ಬೆಂಚೆಲ್ಲ ಬಿದ್ದು ಬಿದ್ದು ನಕ್ಕಿತು.

"ಸಾಕು ಭಾವ, ಹೊಟ್ಟೆ ಹುಣ್ಣಾಗತ್ತೆ. ಏಳಿ ಈಗ."

ಅವನು ಕನ್ನಡಿಯಲ್ಲಿ ಭಾವಮೈದುನನನ್ನೇ ನೋಡಿದ. "ತಡಿಯೋ, ಇನ್ನೊಂದ್ಸಲ," ಎಂದ. ಈ ಸಲ ಕೈಯೇ ಜಾರಿತು. ಅವನು ನಗತೊಡಗಿದ, ಎಲ್ಲರಿಗಿಂತ ಜೋರಾಗಿ.

ಮೊದಲು ನಿಂತದ್ದು ಭಾವಮೈದುನನ ನಗು. ಅವನ ಕಾಲು ತಡಕಾಡಿ ಪೆಡಲ್ ಹುಡುಕಿತು. ಒಂದೊಂದೇ ಒತ್ತಿಗೆ ಕುರ್ಚಿ ಮೇಲೇರಿತು. ಬಿಳಿ ಬಟ್ಟೆಯೊಳಗೆ ಭಾವ ಇನ್ನೂ ನಗುತ್ತಲೇ ಇದ್ದ.