ಮೇಜಿನ ಮೇಲೆ ದೋಷವಿಲ್ಲ

ವಿದ್ಯುತ್ ಕಚೇರಿಯ ದೂರು ವಿಭಾಗದಲ್ಲಿ ಮೂವತ್ತೊಂದು ವರ್ಷ ಕೂತು ನಿವೃತ್ತರಾದ ಸಾಹೇಬರಿಗೆ ಅಲ್ಲಿ ಒಂದು ಅಡ್ಡಹೆಸರಿತ್ತು: ದೋಷವಿಲ್ಲ ಸಾಹೇಬರು. ಯಾರ ಮನೆಯಲ್ಲಿ ಎಷ್ಟೇ ಕತ್ತಲಿರಲಿ, ಇವರು ತಲೆಯೆತ್ತಿ ಕಚೇರಿಯ ದೀಪ ನೋಡುತ್ತಿದ್ದರು. ಅದು ಉರಿಯುತ್ತಿದ್ದರೆ ಮುಗಿಯಿತು, ‘ಪರಿಶೀಲಿಸಲಾಯಿತು, ದೋಷವಿಲ್ಲ’ ಎಂದು ಬರೆದು ಕಡತ ಮುಚ್ಚುತ್ತಿದ್ದರು. ಪುಣ್ಯಾತ್ಮ, ಒಂದು ದಿನವೂ ಕುರ್ಚಿ ಬಿಟ್ಟು ಎದ್ದವರಲ್ಲ.

ನಿವೃತ್ತಿಯಾದರೂ ಕೈ ಸುಮ್ಮನಿರಬೇಕಲ್ಲ! ಬಿಡಿಭಾಗ ತರಿಸಿಕೊಂಡು ಡ್ರೋನ್ ಕಟ್ಟಲು ಕೂತರು. ಅದೂ ಎಲ್ಲಿ? ಊಟದ ಮೇಜಿನಲ್ಲಿ. ಎರಡು ತಿಂಗಳಿಂದ ಅದರ ತುಂಬ ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್, ತಂತಿ ತುಂಡು, ಸ್ಕ್ರೂಗಳದೇ ಸಂಸಾರ. ಸಾಹೇಬರು ಒಂದು ತಟ್ಟೆಯಷ್ಟು ಜಾಗ ತಮಗೆ ಉಳಿಸಿಕೊಂಡಿದ್ದರು. ಹೆಂಡತಿ ಅಡುಗೆಮನೆಯ ಸ್ಟೂಲಿನಲ್ಲಿ ಕೂತು, ತೊಡೆಯ ಮೇಲೆ ತಟ್ಟೆಯಿಟ್ಟುಕೊಂಡು ಉಣ್ಣುತ್ತಿದ್ದರು.

“ಈ ಭಾನುವಾರ ಹಾರ್ಲಿಲ್ಲ ಅಂದ್ರೆ ಮೇಜು ನಂದು,” ಎಂದು ಆಕೆ ಕಡ್ಡಿ ಮುರಿದಂತೆ ಹೇಳಿದರು.

“ಹಾರಿದ್ರೆ?”

“ನೀವೇ ಇಟ್ಕೊಳ್ಳಿ. ನಾನು ಮತ್ತೆ ಬಾಯಿ ತೆಗೆಯಲ್ಲ.”

ಡ್ರೋನಿನ ಕತೆಯೋ, ಮನೆಯಲ್ಲಿ ಹುಲಿ, ಮೈದಾನದಲ್ಲಿ ಇಲಿ. ಫ್ಲೈಟ್ ಕಂಟ್ರೋಲರ್ ಎಂಬ ಬೆಂಕಿಪೊಟ್ಟಣದಷ್ಟು ಬೋರ್ಡು ಅದರ ಮಿದುಳು. ಮೇಜಿನ ಮೇಲೆ ಕಂಪ್ಯೂಟರಿನ ಕೇಬಲ್ ಸಿಕ್ಕಿಸಿದರೆ ಮಿಣಮಿಣ ಮಿನುಗಿ ಕೀ ಕೀ ಎನ್ನುತ್ತಿತ್ತು. ಮೈದಾನಕ್ಕೆ ಒಯ್ದು ಬ್ಯಾಟರಿ ಹಾಕಿದರೆ ಉಸಿರೇ ಇಲ್ಲ! ಸಾಹೇಬರು ಬ್ಯಾಟರಿ ಬದಲಿಸಿದರು, ರಿಮೋಟ್ ಬದಲಿಸಿದರು, ಕೊನೆಗೆ ಮೈದಾನವನ್ನೇ ಬದಲಿಸಿದರು. ಕುಣಿಯಲಾರದವಳಿಗೆ ನೆಲ ಡೊಂಕು. ಪ್ರತಿ ಸಲವೂ ಮನೆಗೆ ಬಂದು, ಕೇಬಲ್ ಸಿಕ್ಕಿಸಿ, ದೀಪ ನೋಡಿ ನೋಟ್‌ಬುಕ್ಕಿನಲ್ಲಿ ಬರೆದರು: ಪರಿಶೀಲಿಸಲಾಯಿತು, ದೋಷವಿಲ್ಲ. ಹೀಗೆ ಹದಿಮೂರು ಸಲ.

ಶನಿವಾರ ಮಧ್ಯಾಹ್ನ ಹದಿನಾಲ್ಕನೆಯದಕ್ಕೆ ಪೆನ್ನು ತೆಗೆದಾಗ ಹೆಂಡತಿ ತಟ್ಟೆ ಹಿಡಿದೇ ಬಂದು ನಿಂತರು.

“ರೀ, ಮೈದಾನದಲ್ಲೂ ಅದಕ್ಕೆ ಈ ಬಾಲ ಇರುತ್ತಾ?”

“ಬಾಲ ಅಲ್ಲ ಕಣೇ, ಕೇಬಲ್ಲು. ಕಂಪ್ಯೂಟರಿಂದ ಬೋರ್ಡಿಗೆ ಕರೆಂಟು...” ಎಂದವರು ಅಲ್ಲಿಗೇ ನಿಂತರು.

ಕೇಬಲ್ ಕಿತ್ತು ಬ್ಯಾಟರಿ ಹಾಕಿದರು. ದೀಪ ಹತ್ತಲಿಲ್ಲ. ಮೀಟರ್ ಹಿಡಿದು ನೋಡಿದರೆ ಬ್ಯಾಟರಿಯ ಬಳಿ ವೋಲ್ಟೇಜ್ ಭರ್ತಿ, ಬೋರ್ಡಿಗೆ ಐದು ವೋಲ್ಟ್ ಬರಬೇಕಾದ ಕಡೆ ಸೊನ್ನೆ. ಭೂತಗನ್ನಡಿ ಇಟ್ಟರು. ಕೆಂಪು ತಂತಿಯ ಬೆಸುಗೆ ಅಂಟಿದ ಹಾಗೆ ಕಾಣುತ್ತಿತ್ತು, ಅಂಟಿರಲಿಲ್ಲ. ಉಗುರು ತಾಗಿಸಿದರೆ ಅಲ್ಲಾಡಿತು. ಬೇರೆ ಯಾರೂ ಅಲ್ಲ, ತಾವೇ ಹಾಕಿದ ಬೆಸುಗೆ! ಕರಗಿಸಿ ತೆಗೆದು ಹೊಸದಾಗಿ ಹಾಕಲು ಎರಡು ನಿಮಿಷ ಸಾಕಾಯಿತು.

ಭಾನುವಾರ ಡ್ರೋನ್ ಹಾರಿತು. ಜೊತೆಗೆ ಬಂದಿದ್ದ ಹೆಂಡತಿಯ ತಮ್ಮ ಕೇಳಿದ, “ಭಾವ, ಇಷ್ಟು ದಿನ ಏನಾಗಿತ್ತು ಇದಕ್ಕೆ?”

“ಹವಾಮಾನ ಕಣಯ್ಯ,” ಎಂದರು ಸಾಹೇಬರು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ!

ಮೇಜು ಗೆದ್ದ ಹುಮ್ಮಸ್ಸಿನಲ್ಲಿ ಮನೆಗೆ ಬಂದು ಹೆಂಡತಿಗೆ ಸುದ್ದಿ ಹೇಳಿ, ಕೈಕಾಲು ತೊಳೆದು ನೋಟ್‌ಬುಕ್ ತೆರೆದರೆ ಹದಿನಾಲ್ಕನೇ ಸಾಲಿನಲ್ಲಿ ಹೆಂಡತಿಯ ಅಕ್ಷರ. ಬಾಯಿ ತೆಗೆಯಲ್ಲ ಎಂದಿದ್ದರು, ತೆಗೆದಿರಲಿಲ್ಲ. ಬರೆದಿದ್ದರು: ‘ದೂರು: ಊಟಕ್ಕೆ ಮೇಜಿಲ್ಲ. ಎರಡು ತಿಂಗಳಾಯಿತು.’

ಸಾಹೇಬರು ಮೇಜು ನೋಡಿದರು. ತಮ್ಮ ತಟ್ಟೆಯ ಜಾಗ ಖಾಲಿಯೇ ಇತ್ತು. ಅಭ್ಯಾಸಬಲ, ಕೈ ತಾನಾಗಿ ‘ಪರಿಶೀಲಿಸಲಾಯಿತು’ ಎಂದು ಬರೆದುಬಿಟ್ಟಿತು. ಎಲ್ಲಿ ಕೂತು ಪರಿಶೀಲಿಸಿದೆ ಎಂದು ತಮಗೇ ಅನ್ನಿಸಿ ಪೆನ್ನು ನಿಂತಿತು.

ಅಂದು ತಮ್ಮ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋಗಿ ಆ ಸ್ಟೂಲಿನ ಮೇಲೆ ಕೂತರು. ಮೊಣಕಾಲು ಗೋಡೆಗೆ ತಾಗಿತು. ಎರಡನೇ ತುತ್ತಿಗೇ ತಟ್ಟೆ ಜಾರಿ ಅನ್ನವೆಲ್ಲ ನೆಲಕ್ಕೆ ಬಿತ್ತು. ಸಾಹೇಬರಿಗೆ ನಿಜವಾಗಿಯೂ ನಾಚಿಕೆಯಾಯಿತು.

“ದಿನಾ ಹೀಗೇನಾ?”

“ಬರೆದಿದೀನಲ್ಲ,” ಎಂದರು ಆಕೆ.

ಅವರು ಎದ್ದು ಹೋಗಿ, ಅರ್ಧಕ್ಕೆ ನಿಂತಿದ್ದ ಸಾಲಿಗೆ ‘ದೋಷವಿದೆ’ ಎಂದು ಸೇರಿಸಿ, ಸ್ಕ್ರೂಗಳನ್ನು ಬಳಿದು ಡಬ್ಬಿಗೆ ತುಂಬತೊಡಗಿದರು.