ತಂತಿಗಳಿಗೆಲ್ಲ ಕರೆಯೋಲೆ

ಬಂದ ದಾರಿಯನ್ನು ಅಳಿಸುತ್ತ ಹೋದವರಿಗೆ ಮಾತ್ರ ಏಳು ಸಮುದ್ರದಾಚೆಯ ಊರು ಸಿಗುತ್ತದೆ ಎಂದು ಅಜ್ಜಿ ಕಥೆ ಹೇಳುತ್ತಿದ್ದಳು. ಅದನ್ನು ನಂಬಿದ ನಾನು ಲ್ಯಾಪ್‌ಟಾಪಿನಲ್ಲಿದ್ದುದನ್ನೆಲ್ಲ ಅಳಿಸಿ ಲಿನಕ್ಸ್ ಎಂಬ ಹೊಸ ಸಿಸ್ಟಂ ಹಾಕಿಕೊಂಡೆ. ಹಳೆಯ ಸಿಸ್ಟಂ ನಾನು ಹಾಡಲು ಬಾಯಿ ತೆರೆದಾಗಲೇ ಅಪ್‌ಡೇಟ್ ಎಂದು ಕಣ್ಣು ಮುಚ್ಚುತ್ತಿತ್ತು. ಹೊಸದು ಯಾರೊಬ್ಬರ ಸ್ವತ್ತೂ ಅಲ್ಲ, ಒಳಗೇನಿದೆಯೆಂದು ಯಾರು ಬೇಕಾದರೂ ತೆರೆದು ನೋಡಬಹುದು ಎಂದು ಓದಿದಾಗ ನನ್ನ ಕಣ್ಣು ತುಂಬಿ ಬಂದಿತ್ತು. ತೆರೆದು ನೋಡಿದೆನೇ? ಇಲ್ಲ, ಕಣ್ಣು ತುಂಬಿತ್ತಲ್ಲ.

ಅಳಿದುಹೋದದ್ದರಲ್ಲಿ ಡಾನ್ಸ್ ಟೀಚರಿಗೆ ಕೊಡಬೇಕಾದ ಹಾಡೂ ಇತ್ತು. ಅವರು ನಮ್ಮ ಕೆಳಗಿನ ಮನೆಯವರು. ಅಂದು ಸಂಜೆಯೇ ಅವರ ಬಳಿ ಕಲಿಯುವ ಮಕ್ಕಳು ತಮ್ಮ ಅಪ್ಪ ಅಮ್ಮಂದಿರ ಮುಂದೆ ಅದಕ್ಕೆ ಕುಣಿಯುವವರಿದ್ದರು. ಯಾರಾದರೂ ನನ್ನಿಂದ ಹಾಡು ಬೇಕೆಂದು ಕೇಳಿದ್ದು ಅದೇ ಮೊದಲು. ನಾಲ್ಕು ಜನರ ಮುಂದೆ ನಿಂತರೆ ನನ್ನ ನಾಲಗೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ. ಅದಕ್ಕೇ ಕೋಣೆಯ ಬಾಗಿಲು ಹಾಕಿಕೊಂಡು ಹಾಡು ಕಟ್ಟುವವಳು ನಾನು. ಹಾಡು ಲೋಕವೆಲ್ಲ ಸುತ್ತಲಿ, ನಾನು ಹೊಸಿಲು ದಾಟದಿರಲಿ, ಇಷ್ಟೇ ನನ್ನ ಆಸೆ.

ಹೊಸದಾಗಿ ಹಾಡಿ ಮುಗಿಸೋಣವೆಂದು ಕುಳಿತರೆ ಶಬ್ದವೇ ಇಲ್ಲ. ಲಿನಕ್ಸಿನಲ್ಲಿ ಮೈಕು, ರೆಕಾರ್ಡರು, ಸ್ಪೀಕರುಗಳನ್ನು ತೆರೆಯ ಮೇಲೆ ಗೆರೆಯಂಥ ತಂತಿ ಎಳೆದು ನಾವೇ ಜೋಡಿಸಬೇಕಂತೆ. ಎಡಗಡೆ ಶಬ್ದ ಕೊಡುವವರು, ಬಲಗಡೆ ತೆಗೆದುಕೊಳ್ಳುವವರು, ಹೊಸ ಬೀಗರಂತೆ ಮುಖ ಬಿಗಿದುಕೊಂಡು ಸಾಲಾಗಿ ಕುಳಿತಿದ್ದರು. ಅಜ್ಜಿಯ ಕಥೆಗಳಲ್ಲಿ ಔತಣಕ್ಕೆ ಕರೆಯದೆ ಬಿಟ್ಟವಳೇ ಕೊನೆಗೆ ಶಾಪ ಹಾಕುವವಳು. ಯಾರಿಗೂ ಮುನಿಸು ಬೇಡವೆಂದು ಎಲ್ಲರಿಂದ ಎಲ್ಲರಿಗೂ ತಂತಿ ಎಳೆದೆ. ಮೆಲ್ಲಗೆ ‘ಆ’ ಎಂದೆ.

ಮೈಕು ನನ್ನ ‘ಆ’ವನ್ನು ಸ್ಪೀಕರಿಗೆ ಕೊಟ್ಟಿತು, ಸ್ಪೀಕರು ಮೈಕಿಗೆ ಮರಳಿಸಿತು. ಹೀಗೆ ಕೊಟ್ಟು ತಂದು ಅದು ಆನೆಯ ಘೀಳಾಯಿತು. ನಾನು ಕುರ್ಚಿಯಿಂದ ಕೆಳಗೆ ಬಿದ್ದೆ. ಅಜ್ಜಿ ಅಡುಗೆಮನೆಯಿಂದ ಸೌಟು ಹಿಡಿದೇ ಓಡಿ ಬಂದಳು.

“ಏನೇ ಅದು! ಯಾರ ಪ್ರಾಣ ಹೋಯ್ತು?”

“ಏನಿಲ್ಲಜ್ಜಿ, ಹಾಡ್ತಿದ್ದೆ.”

“ಇದಕ್ಕಾ ಆ ಟೀಚರಮ್ಮ ಕಾಯ್ತಿರೋದು? ಪಾಪ.”

“ಎಲ್ಲಾರಿಗೂ ತಂತಿ ಜೋಡಿಸ್ಬಿಟ್ಟೆ. ಯಾರನ್ನೂ ಬಿಡಬಾರದು ಅಂತ ನೀನೇ ಹೇಳ್ತಿದ್ದೆ.”

“ನಿನ್ನ ಮಲಗಿಸೋಕೆ ಹೇಳಿದ್ದು ಕಣೇ ಅದು! ಎದ್ದ ಮೇಲೂ ಮಾಡು ಅಂದಿದ್ನಾ?”

ಅಷ್ಟರಲ್ಲಿ ಕರೆಗಂಟೆ. ಘೀಳು ಕೆಳಗಿನವರೆಗೂ ಹೋಗಿತ್ತು. ಅಜ್ಜಿ ಬಾಗಿಲು ತೆರೆದರೆ ಟೀಚರೇ ಮೇಲೆ ಬಂದಿದ್ದರು.

“ಬಂದೆ ಟೀಚರ್, ನಿಮ್ಮ ಹಾಡಿಗೇ ತಂತಿ ಬಿಡಿಸ್ತಿದ್ದೀನಿ,” ಎಂದು ತೊದಲಿದೆ. ಒಂದು ತಂತಿ ಕಿತ್ತರೆ ಘೀಳು, ಇನ್ನೊಂದು ಕಿತ್ತರೆ ಮೌನ.

“ಇರಲಿ, ಬಾಯಲ್ಲೇ ಹೇಳಮ್ಮ. ತಾಳ ನೋಡ್ತೀನಿ.”

ತಂತಿಯ ಮೇಲೆ ಕಣ್ಣಿಟ್ಟಿದ್ದರಿಂದಲೋ ಏನೋ, ಹಾಡಿಬಿಟ್ಟೆ. ಅವರು ಕೋಣೆಯ ಬಾಗಿಲ ಚೌಕಟ್ಟಿಗೆ ಬೆರಳು ತಟ್ಟುತ್ತ ಕೊನೆಯವರೆಗೆ ಕೇಳಿದರು.

“ಸಾಕು. ನಡಿ, ಕೆಳಗೆ ಬಂದು ಹೀಗೇ ಹಾಡು.”

“ಅಯ್ಯೋ ಬೇಡ ಟೀಚರ್! ಜನ ಕಂಡ್ರೆ ನಂಗೆ ಬಾಯೇ ಬರಲ್ಲ.”

“ಗೋಡೆ ಕಡೆ ಮುಖ ಮಾಡ್ಕೊಂಡು ಹಾಡು. ಮಕ್ಕಳಿಗೆ ಕೇಳಿಸಿದ್ರಾಯ್ತು.”

“ಕರ್ಕೊಂಡು ಹೋಗಿ,” ಎಂದಳು ಅಜ್ಜಿ, ನನ್ನ ಕಡೆಯವಳೇ ಅಲ್ಲವೆಂಬಂತೆ. “ಮನೆ ಸ್ವಲ್ಪ ಹೊತ್ತು ತಣ್ಣಗಿರಲಿ.”

ಕೆಳಗಿನ ಹಾಲ್ ಆಗಲೇ ಅಪ್ಪ ಅಮ್ಮಂದಿರಿಂದ ತುಂಬಿತ್ತು. ನಾನು ಮೂಲೆಯ ಗೋಡೆಗೆ ಮೂಗು ತಾಗಿಸಿ ನಿಂತು ಶುರುಮಾಡಿದೆ. ಭಯಕ್ಕೆ ಹಾಡು ಓಟ ಕಿತ್ತಿತು. ಬೆನ್ನ ಹಿಂದೆ ಗೆಜ್ಜೆಗಳು ಎಡವಿದ ಸದ್ದು, ಯಾರೋ ನಕ್ಕ ಸದ್ದು. ಪುಟ್ಟ ಹುಡುಗಿಯೊಬ್ಬಳು ಬಂದು ನನ್ನ ಕುರ್ತಾ ಎಳೆದಳು.

“ಅಕ್ಕಾ, ಸ್ವಲ್ಪ ನಿಧಾನ. ನಮ್ ಕಾಲು ಅಷ್ಟು ಬೇಗ ಬರಲ್ಲ.”

ಎಷ್ಟು ನಿಧಾನವೆಂದು ತಿಳಿಯಬೇಕಾದರೆ ಆ ಕಾಲುಗಳನ್ನು ನೋಡಲೇಬೇಕಿತ್ತು. ತಿರುಗಿದೆ. ಒಂದು ಕಾಲು ಎತ್ತಿಕೊಂಡು ಸಾಲು ಸಾಲು ಮಕ್ಕಳು ನನಗಾಗಿ ಕಾಯುತ್ತಿದ್ದರು. ಎತ್ತಿದ ಕಾಲು ಎಷ್ಟು ಹೊತ್ತು ನಿಂತೀತು! ಹಾಡಿದೆ. ಮೂಗಿನ ತುದಿಗೆ ಗೋಡೆಯ ಸುಣ್ಣ ಮೆತ್ತಿತ್ತೆಂದು ಮನೆಗೆ ಬಂದ ಮೇಲೆ ಗೊತ್ತಾಯಿತು.